ಪ್ಲೇಸ್ಟೇಷನ್ ಹೋಮ್: ಮೊದಲ ನೋಟದ ಸಾಕ್ಷ್ಯ

ಪ್ರವಾಸಿಗಳ ಬರಹಗಳು ಇತಿಹಾಸದ ಆಕರಗಳಲ್ಲಿ ಒಂದು ಮುಖ್ಯ ವರ್ಗಕ್ಕೆ ಸೇರಿದವೆಂಬುದು ಸರ್ವವಿದಿತ. ಊರಿನವನು ಗಮನಿಸದ ಅನೇಕ ಸಂಗತಿಗಳು ಹೊಸಬನ ಕಣ್ಣಿಗೆ ಬೀಳುತ್ತವೆ. ಆದರೆ ಊರಿನ ಒಳಜೀವನ ಅವನಿಗೆ ಒಮ್ಮೆಗೇ ತಿಳಿಯಲಾರದು. ಇಂಥ ಸಾಕ್ಷ್ಯದ ಗುಣದೋಷಗಳನ್ನು ತೂಗಿನೋಡಲು ನಮ್ಮ ಕಾಲಕ್ಕೆ ಸಮೀಪವಾದ ಒಂದು ಉದಾಹರಣೆ ದೊರೆಯುತ್ತದೆ. ಅದು ಸೋನಿ ಸಂಸ್ಥೆಯವರು ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರವುಳ್ಳವರಿಗಾಗಿ ಅಂತರಜಾಲದ ಮೂಲಕ ನಡೆಸಿದ ‘ಪ್ಲೇಸ್ಟೇಷನ್ ಹೋಮ್’ ಎಂಬ ಕಲ್ಪಿತ ಲೋಕ. 2008ರ ಡಿಸೆಂಬರ್ 11ರಂದು ಸಾರ್ವಜನಿಕರಿಗೆ ತೆರೆದ ಈ ಲೋಕ 2015ರ ಮಾರ್ಚ್ 31ರಂದು ಮುಚ್ಚಿಹೋಯಿತು. ಅದನ್ನು ಮೊದಲು ಹೊಕ್ಕವರು ಕಂಡದ್ದೇನು, ಅವರ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಕೃತ ಲೇಖನದ ವಿಚಾರ.

ಹಲವರು ಏಕಕಾಲದಲ್ಲಿ ಸೇರಬಲ್ಲ ಕಲ್ಪಿತ ಲೋಕಗಳ ಚರಿತ್ರೆ ಹೋಮ್‌ಗಿಂತ ಬಹಳ ಹಿಂದಿನದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಆರಂಭವಾದ ‘ಮಡ್’ ಕೇವಲ ಅಕ್ಷರಗಳಿಂದ ರಚಿತವಾದುದು. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಸಂಸ್ಥೆ 1986ರಲ್ಲಿ ಪ್ರಯೋಗಕ್ಕೆ ತಂದ ‘ಹ್ಯಾಬಿಟ್ಯಾಟ್’ನಲ್ಲಿ ಜನರು ಚಿತ್ರರೂಪದ ಅವತಾರಗಳನ್ನು ತಳೆದು ಸಂಚರಿಸಿದರು. 2003ರ ‘ಸೆಕೆಂಡ್ ಲೈಫ್’ನಲ್ಲಿ ನಿವಾಸಿಗಳೇ ಮನೆಮಠಗಳನ್ನು ಕಟ್ಟುವಂತಾಯಿತು. ಇವೆಲ್ಲ ಕಂಪ್ಯೂಟರಿನ ಮುಂದೆ ಕುಳಿತವರ ಲೋಕಗಳು. ಟೆಲಿವಿಷನ್ನಿನ ಎದುರು ಕೈಯಲ್ಲಿ ನಿಯಂತ್ರಕ ಹಿಡಿದು ಕುಳಿತ ಆಟಗಾರನಿಗೆ ಇಂಥ ಲೋಕವೊಂದನ್ನು ಒದಗಿಸುವುದು ಹೋಮ್‌ನ ಉದ್ದೇಶವಾಗಿತ್ತು.

ಸೋನಿಯ ಅಧಿಕಾರಿಗಳಾಗಿದ್ದ ಫಿಲ್ ಹ್ಯಾರಿಸನ್ ಅವರು 2007ರ ಮಾರ್ಚಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಟ ತಯಾರಕರ ಸಮ್ಮೇಳನದಲ್ಲಿ ಈ ಯೋಜನೆಯನ್ನು ಪ್ರಕಟಿಸಿದರು. ನಿರ್ಮಾಣದ ಹೊಣೆ ಸೋನಿಯ ಲಂಡನ್ ಸ್ಟುಡಿಯೋದ್ದು. ಆಟಗಳಲ್ಲಿ ಗೆದ್ದ ಪಾರಿತೋಷಕಗಳನ್ನು ಇರಿಸುವ ಭವ್ಯವಾದ ಸಭಾಂಗಣವನ್ನೂ ಅಂದು ತೋರಿಸಲಾಯಿತು. ಅದೇ ವರ್ಷದ ಶರತ್ಕಾಲಕ್ಕೆ ಸಿದ್ಧವಾಗಬೇಕಿದ್ದ ಹೋಮ್ ಮತ್ತೆ ಮತ್ತೆ ಮುಂದೆ ಹೋಗಿ, ಸುಮಾರು 21 ತಿಂಗಳ ತರುವಾಯ ‘ಬೀಟಾ’ ಎಂಬ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವುದೆಂಬ, ಹಣೆಪಟ್ಟಿಯೊಡನೆ ತೆರೆಯಿತು. ಆ ಹಣೆಪಟ್ಟಿ ಕೊನೆಯ ದಿನದವರೆಗೂ ಕಳಚಲಿಲ್ಲ. ಆದಕಾರಣ ಮೊದಲ ಸಂದರ್ಶಕರು ಒಂದು ವಾಗ್ದಾನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಳಹೊಕ್ಕರೆಂಬುದನ್ನು ವಿದ್ಯಾರ್ಥಿಗಳು ಮರೆಯಲಾಗದು.

ಅವರು ಕಂಡದ್ದು ಹೀಗಿದೆ. ಪ್ರವೇಶಕ್ಕೆ ಶುಲ್ಕವಿರಲಿಲ್ಲ. ಹೊಸಬನು ತನ್ನ ಅವತಾರದ ಮುಖ, ಮೈಕಟ್ಟು, ಉಡುಪುಗಳನ್ನು ರೂಪಿಸಿಕೊಂಡ ಮೇಲೆ ಬಂದರಿನ ದಂಡೆಯಲ್ಲಿ ಅವನಿಗೊಂದು ಚಿಕ್ಕ ಮನೆ ದೊರೆಯುತ್ತಿತ್ತು. ಅಲ್ಲಿಂದ ಹೊರಟರೆ ನಡುವಣ ಚೌಕ, ಬೌಲಿಂಗ್ ಆಟದ ಮಂದಿರ, ಚಿತ್ರಮಂದಿರ, ಅಂಗಡಿಗಳ ಮಾಲ್. ಅಂಗಡಿಗಳಲ್ಲಿ ಡೀಸೆಲ್ ಸಂಸ್ಥೆಯ ಉಡುಪುಗಳೂ ಲೀನ್ಯೆ ರೋಸೆ ಸಂಸ್ಥೆಯ ಪೀಠೋಪಕರಣಗಳೂ ನಿಜವಾದ ಹಣಕ್ಕೆ ಮಾರಾಟಕ್ಕಿದ್ದವು. ಕೊಂಡವನಿಗೆ ದೊರೆಯುತ್ತಿದ್ದುದು ಅವುಗಳ ಚಿತ್ರಮಾತ್ರ.

ಆ ದಿನಗಳ ವಿಮರ್ಶೆಗಳಲ್ಲಿ ಮೂರು ದೂರುಗಳು ಪದೇಪದೇ ಕಾಣಬರುತ್ತವೆ. ಒಂದನೆಯದು ಕಾಯುವಿಕೆ. ಪ್ರತಿಯೊಂದು ಸ್ಥಳವನ್ನೂ ಮೊದಲ ಸಲ ಹೊಗುವಾಗ ಅದನ್ನು ಯಂತ್ರಕ್ಕೆ ಇಳಿಸಿಕೊಳ್ಳಬೇಕಾಗಿತ್ತು; ಒಂದು ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗಲು ನಿಮಿಷಗಳೇ ಹಿಡಿಯುತ್ತಿದ್ದವು. ಎರಡನೆಯದು ಸರದಿಯ ಸಾಲು. ಬೌಲಿಂಗ್ ಓಣಿಗಳನ್ನೂ ಆಟದ ಪೆಟ್ಟಿಗೆಗಳನ್ನೂ ಬೇರೆಯವರು ಹಿಡಿದಿದ್ದರೆ ಅವರು ಬಿಡುವವರೆಗೆ ನಿಂತಿರಬೇಕು. ಮೂರನೆಯದು ಜನರ ನಡತೆ. ಸ್ತ್ರೀರೂಪದ ಅವತಾರವೊಂದು ಚೌಕಕ್ಕೆ ಬಂದೊಡನೆ ಅದರ ಸುತ್ತ ಗುಂಪುಕಟ್ಟಿ ಕುಣಿದು ಪೀಡಿಸುವುದು ಮೊದಲ ವಾರಗಳಲ್ಲಿಯೇ ವರದಿಯಾಯಿತು. ಜನರ ನಡೆವಳಿಕೆಯನ್ನು ಯೋಜಕರು ಮುಂಗಾಣಲಾರರೆಂದು ಹ್ಯಾಬಿಟ್ಯಾಟ್‌ನ ನಿರ್ಮಾಪಕರು ಹಿಂದೆಯೇ ಬರೆದಿಟ್ಟಿದ್ದರು.

ಇವುಗಳಲ್ಲಿ ಸರದಿಯ ಸಾಲು ವಿಶೇಷ ವಿಚಾರಕ್ಕೆ ಅರ್ಹವಾದುದು. ಯಂತ್ರದೊಳಗಿನ ವಸ್ತುವನ್ನು ಎಷ್ಟು ಬಾರಿಯಾದರೂ ಪ್ರತಿಮಾಡಬಹುದು. ಹೀಗಿರಲು ಅಲ್ಲಿ ಕೊರತೆಯೇಕೆ ಎಂದು ವಿಮರ್ಶಕರು ಕೇಳಿದ್ದು ನ್ಯಾಯವೇ. ಆದರೆ ಎಲ್ಲರೂ ಒಂದೇ ಸ್ಥಳದಲ್ಲಿದ್ದು ಒಂದೇ ಪೆಟ್ಟಿಗೆಯನ್ನು ಕಾಣಬೇಕಾದರೆ, ಒಬ್ಬನು ಅದನ್ನು ಬಳಸುವಾಗ ಇನ್ನೊಬ್ಬನು ನಿಲ್ಲಲೇಬೇಕು. ಆಟವಾಡಲು ಬಂದವನಿಗೆ ಇದು ಕಾಲಹರಣ. ಮಾತನಾಡಲು ಬಂದವನಿಗೆ ಅದೇ ನಿಲ್ದಾಣ. ನಿಯಂತ್ರಕದಿಂದ ಒಂದೊಂದೇ ಅಕ್ಷರವನ್ನು ಆರಿಸಿ ಮಾತು ಜೋಡಿಸುವುದು ನಿಧಾನದ ಕೆಲಸ. ಅದಕ್ಕೂ ಬಿಡುವು ಬೇಕು. ಒಂದು ಸಂಜೆ ಸುತ್ತಿಬಂದು ವಿಮರ್ಶೆ ಬರೆದವನು ಸಾಲನ್ನು ಸರಿಯಾಗಿಯೇ ಕಂಡನು. ಆ ಸಾಲಿನಲ್ಲಿ ನಿಂತವರು ಮರುದಿನವೂ ಬರುವರೇ ಎಂಬುದನ್ನು ಕಾಣಲು ಅವನಿಗೆ ಅವಕಾಶವಿರಲಿಲ್ಲ.

ಮುಂದಿನ ಘಟನೆಗಳು ಈ ಮಾತನ್ನು ಸಮರ್ಥಿಸುತ್ತವೆ. ಮಾಡಲು ಏನೂ ಇಲ್ಲದ ತಾಣವೆಂದು ಅನೇಕರು ತೀರ್ಪಿತ್ತ ಹೋಮ್ ಆರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. 2009ರಲ್ಲಿ ‘ಶೀ’ ಎಂಬ ಒಗಟಿನ ಕಥಾನಕ ಅದರೊಳಗೆ ಜರುಗಿತು. 2011ರಲ್ಲಿ ಉತ್ತರ ಅಮೆರಿಕದ ವಿಭಾಗವನ್ನು ಆಟಗಳಿಗೆ ಪ್ರಾಧಾನ್ಯವಿತ್ತು ಹೊಸದಾಗಿ ವಿನ್ಯಾಸಗೊಳಿಸಿದರು. ದೂರುಗಳಲ್ಲಿ ಹುರುಳಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆ ಹೊಸ ವಿನ್ಯಾಸವೇ ದೂರುಗಳಿಗೆ ಆಧಾರವಿದ್ದುದನ್ನು ತೋರಿಸುತ್ತದೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಯಂತ್ರದಲ್ಲಿ ಹೋಮ್‌ಗೆ ಎಡೆ ದೊರೆಯಲಿಲ್ಲ. ಹಳೆಯ ಯಂತ್ರದೊಡನೆಯೇ ಅದರ ಕಾಲವೂ ಮುಗಿಯಿತು.

ಇಲ್ಲಿ ಆಕರಗಳ ಸಮಸ್ಯೆ ತಲೆದೋರುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ವರ್ಣನೆಯನ್ನು ಹಂಪೆಯ ಅವಶೇಷಗಳೊಡನೆಯೂ ಶಾಸನಗಳೊಡನೆಯೂ ಹೋಲಿಸಿ ನೋಡಲು ನಮಗೆ ಸಾಧ್ಯವಿದೆ. ಹೋಮ್‌ಗೆ ಅಂಥ ಅವಶೇಷ ಅತ್ಯಲ್ಪ. ಸರ್ವರುಗಳು ನಿಂತ ಕ್ಷಣದಲ್ಲಿ ಚೌಕವೂ ಮನೆಗಳೂ ಹಣ ಕೊಟ್ಟು ಕೊಂಡ ಉಡುಪುಗಳೂ ಒಟ್ಟಿಗೆ ಇಲ್ಲವಾದವು. ಹಳೆಯ ಯಂತ್ರಗಳ ಡಿಸ್ಕುಗಳಲ್ಲಿ ಉಳಿದ ಕಡತಗಳನ್ನು ಕೂಡಿಸಿ ಆ ಸ್ಥಳಗಳನ್ನು ಮರಳಿ ನಿಲ್ಲಿಸಲು ಕೆಲವು ಉತ್ಸಾಹಿಗಳು ಶ್ರಮಿಸಿದ್ದಾರೆ. ಆದರೆ ಕಟ್ಟಡ ಮರಳಿದರೂ ಅದರಲ್ಲಿ ನೆರೆದಿದ್ದ ಜನಸಮೂಹ ಮರಳುವುದಿಲ್ಲ. ಸಾಲಿನಲ್ಲಿ ನಡೆದ ಸಂಭಾಷಣೆ ಯಾವ ಡಿಸ್ಕಿನಿಂದಲೂ ದೊರೆಯದು.

ಹೀಗಾಗಿ ಸುಲಭವಾಗಿ ಕೈಗೆ ಸಿಗುವುದು ಮೊದಲ ವಾರಗಳ ವಿಮರ್ಶೆಗಳು. ಅವುಗಳನ್ನೇ ನೆಚ್ಚಿ ಬರೆದರೆ ಹೋಮ್‌ನ ಇತಿಹಾಸ ಅದರ ಮೊದಲ ತಿಂಗಳ ಇತಿಹಾಸವಾದೀತು. ವಿಮರ್ಶಕನು ಕಂಡದ್ದನ್ನು ಸ್ವೀಕರಿಸಿ, ಅವನಿತ್ತ ತೀರ್ಪನ್ನು ಬೇರೆಯಾಗಿ ಇರಿಸಿ ಪರೀಕ್ಷಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆರು ವರ್ಷ ಅಲ್ಲಿ ಬಾಳಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಹೇಳಿಕೆಗಳನ್ನು ಕ್ರಮವಾಗಿ ಸಂಗ್ರಹಿಸುವ ಕೆಲಸ ಮುಂದಿನ ಸಂಶೋಧಕರ ಹೊಣೆ. ವಿಜಯನಗರದ ಪ್ರಜೆಯನ್ನು ಪ್ರಶ್ನಿಸುವ ಅವಕಾಶ ನಮಗಿಲ್ಲ. ಇಲ್ಲಿ ಆ ಅವಕಾಶ ಇನ್ನೂ ಉಳಿದಿದೆ.