ಉಡುಪಿ ಸೀಮೆಯಲ್ಲಿ ದಾರಿಹೋಕರ ಆಹಾರ

ಅರಸರು ಕಟ್ಟಿಸಿದ ಅನ್ನಛತ್ರಗಳನ್ನು ಕುರಿತು ನಮ್ಮ ನಾಡಿನಲ್ಲಿ ಶಾಸನಗಳುಂಟು; ದೇವರ ನೈವೇದ್ಯಕ್ಕೆ ಬಿಟ್ಟ ಗದ್ದೆಗಳ ಲೆಕ್ಕವೂ ಉಂಟು. ಬೀದಿಯ ಬದಿಯಲ್ಲಿ ಬುಟ್ಟಿಯಿಟ್ಟು ತಿಂಡಿ ಮಾರಿದವನಿಗೆ ಮಾತ್ರ ಶಾಸನ ಹಾಕಿಸಿದವರಾರೂ ಇಲ್ಲ. ಆದುದರಿಂದ ದಾರಿಹೋಕನು ಎಲ್ಲಿ, ಏನನ್ನು, ಯಾರ ಜೊತೆಯಲ್ಲಿ ತಿಂದನೆಂಬ ಪ್ರಶ್ನೆಯನ್ನು ನಮ್ಮ ಪ್ರಾದೇಶಿಕ ಇತಿಹಾಸವು ಬಹುಮಟ್ಟಿಗೆ ಬದಿಗೆ ಸರಿಸಿದೆ. ಈ ಸೀಮೆಗೆ ಬಂದ ಪ್ರವಾಸಿಗೆ ಇಂದು ಎಲ್ಲರೂ ಗೋಳಿಬಜೆ, ಬನ್ಸು, ಚರ್ಮುರಿ, ಬೊಂಡಗಳ ರುಚಿ ನೋಡುವಂತೆ ಹೇಳುತ್ತಾರೆ. ಪಂಕ್ತಿಯ ನಿಯಮಗಳು ಬಲವಾಗಿದ್ದ ಈ ನೆಲದಲ್ಲಿ ಯಾರು ಬೇಕಾದರೂ ಯಾರ ಪಕ್ಕದಲ್ಲಾದರೂ ನಿಂತು ತಿನ್ನಬಹುದಾದ ಆಹಾರವೊಂದು ಹೇಗೆ ಬೆಳೆದುಬಂತೆಂಬುದೇ ಪ್ರಕೃತ ಲೇಖನದ ವಿಚಾರ.

ನಮ್ಮ ಕರಾವಳಿಯ ದಾರಿಯ ಬಗೆಗೆ ದೊರೆಯುವ ಹಳೆಯ ವರ್ಣನೆಗಳಲ್ಲಿ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನದು ಮುಖ್ಯವಾದುದು. 1342ರ ಸುಮಾರಿಗೆ ಗೋವೆಯಿಂದ ದಕ್ಷಿಣಕ್ಕೆ ಸಾಗಿದ ಆತನು ಬಸರೂರು, ಬಾರಕೂರು, ಮಂಗಳೂರುಗಳನ್ನು ಹೆಸರಿಸಿದ್ದಾನೆ; ಬಾರಕೂರಿನ ಕಬ್ಬನ್ನು ಬಹುವಾಗಿ ಹೊಗಳಿದ್ದಾನೆ. ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ಮನೆ, ಅದರಲ್ಲಿ ದಾರಿಹೋಕರು ಕುಳಿತುಕೊಳ್ಳಲು ಜಗಲಿ, ಬದಿಯಲ್ಲಿ ಬಾವಿ, ಬಾವಿಯ ಬಳಿ ನೀರು ಕೊಡುವವನೊಬ್ಬ ಇದ್ದನೆಂದು ಆತನ ಹೇಳಿಕೆ. ಇದು ನಮ್ಮ ಅರವಟ್ಟಿಗೆಯ ಚಿತ್ರವೇ ಸರಿ. ಆದರೆ ಅವನು ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾನೆ. ಹಿಂದುವಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ ನೀರನ್ನು ಮುಸಲ್ಮಾನನಿಗೆ ಬೊಗಸೆಗೆ ಹೊಯ್ಯುತ್ತಿದ್ದರು. ಮುಸಲ್ಮಾನರ ವಸತಿಯಿಲ್ಲದ ಊರುಗಳಲ್ಲಿ ಅವನಿಗೆ ಅಡಿಗೆ ಮಾಡಿ ಬಾಳೆಯೆಲೆಯ ಮೇಲೆ ಬಡಿಸುತ್ತಿದ್ದರು. ನೀರನ್ನು ಯಾರಿಗೂ ನಿರಾಕರಿಸಲಿಲ್ಲ, ಪಾತ್ರೆಯನ್ನು ಮಾತ್ರ ಹಂಚಿಕೊಳ್ಳಲಿಲ್ಲ. ಆತಿಥ್ಯವೂ ಅಂತರವೂ ಒಂದೇ ಬಾವಿಯ ಕಟ್ಟೆಯ ಮೇಲಿದ್ದವು.

ಈ ಅಂತರದ ಹಿಂದೆ ಎರಡು ಭಾವನೆಗಳಿವೆ. ಬಾಯಿ ಸೋಕಿದುದು ಎಂಜಲು. ನೀರಿನಲ್ಲಿ ಬೆಂದ ಅನ್ನ ಮುಸುರೆ. ಮುಸುರೆಯನ್ನು ಯಾರು ಬೇಯಿಸಿದರು, ಯಾರು ಮುಟ್ಟಿದರು, ಯಾರ ಸಾಲಿನಲ್ಲಿ ಕುಳಿತು ಉಂಡರು ಎಂಬ ವಿಚಾರ ಕಟ್ಟುನಿಟ್ಟಾಗಿತ್ತು. ಒಣ ಅವಲಕ್ಕಿ, ಅರಳು, ಹುರಿದ ಕಾಳು, ಬೆಲ್ಲ, ಹಣ್ಣು, ಎಳನೀರುಗಳಿಗೆ ಈ ಕಟ್ಟು ಅಷ್ಟಾಗಿ ಇರಲಿಲ್ಲ. ಎಣ್ಣೆಯಲ್ಲಿ ಕರಿದ ಒಣ ತಿಂಡಿಗಳ ವಿಷಯದಲ್ಲಿಯೂ ಹಲವೆಡೆ ಅದು ಸಡಿಲವಾಗಿತ್ತು. ಆಚಾರವು ಮನೆಯಿಂದ ಮನೆಗೆ ಬೇರೆಯಾಗುತ್ತಿತ್ತೆಂಬುದನ್ನೂ ಮರೆಯಬಾರದು. ಕುಚೇಲನು ದ್ವಾರಕೆಗೆ ಕಟ್ಟಿಕೊಂಡು ಹೋದುದು ಅನ್ನದ ಬುತ್ತಿಯನ್ನಲ್ಲ, ಹಿಡಿಯಷ್ಟು ಅವಲಕ್ಕಿಯನ್ನು. ಬಡತನದ ಕುರುಹಾಗಿ ನಾವು ಓದುವ ಆ ಗಂಟು ದೂರದ ದಾರಿಗೆ ಕೆಡದ ಆಹಾರವೂ ಆಗಿತ್ತು.

ಉಡುಪಿಯಲ್ಲಿ ಈ ಎರಡು ಬಗೆಯ ಆಹಾರಗಳೂ ಅಕ್ಕಪಕ್ಕದಲ್ಲಿಯೇ ಬೆಳೆದವು. ಅಷ್ಟಮಠಗಳು ಎರಡು ವರ್ಷಗಳಿಗೊಮ್ಮೆ ಸರದಿಯಂತೆ ಕೃಷ್ಣಪೂಜೆಯ ಹೊಣೆಯನ್ನು ಹೊರುತ್ತವೆ. ಪರ್ಯಾಯಕ್ಕೂ ಉತ್ಸವಗಳಿಗೂ ಬಂದ ಯಾತ್ರಿಕರಿಗೆ ಮಠದ ಒಳಗೆ ಊಟ. ಒಳಗಿನ ಊಟಕ್ಕೆ ಪಂಕ್ತಿಯುಂಟು, ಪಂಕ್ತಿಗೆ ನಿಯಮವುಂಟು. ಹೊರಗಿನ ರಥಬೀದಿಯಲ್ಲಿ ಪಂಕ್ತಿಯಿಲ್ಲ. ಅಲ್ಲಿ ಮಾರುವವನು ಕೊಡುವುದು ಎಲೆಯ ತುಂಡಿನಲ್ಲಿ, ಈಚೆಗೆ ಕಾಗದದ ಪೊಟ್ಟಣದಲ್ಲಿ. ಒಬ್ಬನು ತಿಂದು ಎಸೆದುದನ್ನು ಮತ್ತೊಬ್ಬನು ಬಳಸುವ ಪ್ರಸಂಗವೇ ಇಲ್ಲ. ಜನರನ್ನು ಬೇರೆಬೇರೆಯಾಗಿ ಇರಿಸಲು ಬಳಸುತ್ತಿದ್ದ ಎಲೆಯೇ ಬೀದಿಯಲ್ಲಿ ಎಲ್ಲರೂ ಒಬ್ಬನ ಬುಟ್ಟಿಯಿಂದಲೇ ಕೊಂಡು ತಿನ್ನುವುದಕ್ಕೆ ಅನುಕೂಲವಾಯಿತು.

ಕಾರ್ಕಳ, ಕಾಪುಗಳ ಜಾತ್ರೆಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟನ ಬೆಟ್ಟವಿದೆ. ಸಮೀಪದ ಅತ್ತೂರಿನಲ್ಲಿ 2016ರಲ್ಲಿ ಬಸಿಲಿಕಾ ಎಂಬ ಪದವಿಗೇರಿದ ಸಂತ ಲಾರೆನ್ಸರ ದೇವಾಲಯವಿದೆ. ಜನವರಿಯ ಅತ್ತೂರು ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲ, ಅನ್ಯಮತೀಯರೂ ಹರಕೆ ಹೊತ್ತು ಬರುತ್ತಾರೆ. ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ ಮಾರಿಪೂಜೆ. ಜೈನರ ಬೆಟ್ಟದಲ್ಲಿ ಹಿಂಸೆ ನಿಷಿದ್ಧ. ಮಾರಿಪೂಜೆಯಲ್ಲಿ ಕೋಳಿಯ ಬಲಿ. ಈ ಮೂರು ಕಡೆಯೂ ನೆರೆದವರ ಅಡಿಗೆಮನೆಗಳು ಒಂದನ್ನೊಂದು ಹೋಲುವುದಿಲ್ಲ. ಆದರೂ ಜಾತ್ರೆಯ ಸಾಲಂಗಡಿಗಳಲ್ಲಿ ಮಂಡಕ್ಕಿ, ಖಾರದ ಕಡ್ಡಿ, ಬತ್ತಾಸು, ಕಲ್ಲಂಗಡಿ ಹೋಳು ಎಲ್ಲೆಡೆಯೂ ಒಂದೇ. ಯಾರ ಮನೆಯ ನಿಷೇಧಕ್ಕೂ ಸುಲಭವಾಗಿ ಸಿಲುಕದ ತಿಂಡಿಯೇ ಎಲ್ಲರ ತಿಂಡಿಯಾಯಿತೆಂದು ಊಹಿಸಬಹುದು.

ಈ ತಿಂಡಿಗಳನ್ನು ಅನಾದಿಯೆಂದು ಭಾವಿಸುವುದೂ ಸರಿಯಲ್ಲ. ಚರ್ಮುರಿಯಲ್ಲಿ ಮಂಡಕ್ಕಿಯೂ ತೆಂಗಿನೆಣ್ಣೆಯೂ ಈ ನೆಲದವು. ಮೆಣಸಿನಕಾಯಿ, ಟೊಮೇಟೊಗಳು ಅಮೆರಿಕ ಖಂಡದಿಂದ ಬಂದವು. 1498ರಲ್ಲಿ ವಾಸ್ಕೋ ಡ ಗಾಮನು ಪಶ್ಚಿಮ ಕರಾವಳಿಯನ್ನು ಮುಟ್ಟಿದ ಬಳಿಕ ಪೋರ್ಚುಗೀಸರ ಹಡಗುಗಳು ಅಂತಹ ಬೆಳೆಗಳನ್ನು ಈ ತೀರಕ್ಕೆ ತಂದವು. ಅದಕ್ಕೆ ಮೊದಲು ಇಲ್ಲಿಯ ಖಾರವೆಂದರೆ ಕರಿಮೆಣಸು, ಶುಂಠಿಗಳ ಖಾರ. ಗೋಳಿಬಜೆಗೆ ಬೇಕಾದ ಮೈದಾ, ಭತ್ತದ ನಾಡಾದ ಕರಾವಳಿಯ ಬೆಳೆಯಲ್ಲ. ಅದು ವ್ಯಾಪಾರದಿಂದ ಬಂದ ಗೋಧಿಯ ಹಿಟ್ಟು. ಅದಕ್ಕೆ ಮೊಸರು, ಶುಂಠಿ, ಹಸಿಮೆಣಸು, ತೆಂಗಿನ ಚೂರು ಸೇರಿದಾಗ ಊರಿನದಾಯಿತು. ಕಳಿತ ಬಾಳೆಹಣ್ಣನ್ನು ಮೈದಾದೊಡನೆ ನಾದಿ ಕರಿದ ಬನ್ಸಿನ ಹೆಸರೂ ಇಂಗ್ಲಿಷಿನದೇ.

ಬೀದಿಯ ತಿಂಡಿ ಗೋಡೆಯೊಳಗೆ ಬಂದಾಗ ಹಳೆಯ ಪ್ರಶ್ನೆ ಮರಳಿ ಎದ್ದಿತು. ಉಡುಪಿ ಸೀಮೆಯವರು ಊರೂರಿಗೆ ಹೋಗಿ ಹೋಟೆಲುಗಳನ್ನು ತೆರೆದುದು ಸುಪರಿಚಿತ. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅಂಗಡಿಯ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮೊದಮೊದಲು ಅಡಿಗೆಯವನ ಜಾತಿಯೇ ಗಿರಾಕಿಗೆ ಭರವಸೆಯಾಗಿತ್ತು. ಇದಲ್ಲದೆ ಹೋಟೆಲಿನಲ್ಲಿ ಎಲೆಯ ಜಾಗಕ್ಕೆ ಲೋಟ ಬಂತು. ಒಬ್ಬನು ಕುಡಿದ ಲೋಟವನ್ನು ತೊಳೆದು ಮತ್ತೊಬ್ಬನಿಗೆ ಕೊಡಬೇಕು. ಕರ್ನಾಟಕದ ಹಲವು ಊರುಗಳ ಚಹದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವನ್ನಿಟ್ಟುದು ಇದರ ಕಹಿಯಾದ ಫಲ. ಬೀದಿಯ ಎಲೆಯು ಸಮಸ್ಯೆಯನ್ನು ತಪ್ಪಿಸಿಕೊಂಡಿತ್ತೇ ಹೊರತು ಪರಿಹರಿಸಿರಲಿಲ್ಲ.

ಪರಿಹಾರಕ್ಕೆ ಚಳವಳಿಯೂ ಕಾನೂನೂ ಬೇಕಾದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ದಲಿತರ ಏಳಿಗೆಗೆ ದುಡಿದರು. ಹರಿಜನ ಯಾತ್ರೆಯ ಅಂಗವಾಗಿ ಗಾಂಧೀಜಿಯವರು 1934ರ ಫೆಬ್ರವರಿಯಲ್ಲಿ ಉಡುಪಿಗೆ ಬಂದರು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜಾತಿ ಮುಂತಾದವುಗಳ ಕಾರಣದಿಂದ ಯಾವ ನಾಗರಿಕನನ್ನೂ ತಡೆಯಬಾರದೆಂದು ಹೇಳುವಾಗ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಜೊತೆಯಲ್ಲಿಯೇ ಸಾರ್ವಜನಿಕ ಬಾವಿ, ಕೆರೆ, ರಸ್ತೆಗಳನ್ನೂ ಹೆಸರಿಸಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇದಕ್ಕೆ ಶಿಕ್ಷೆಯ ಬಲವನ್ನು ಕೊಟ್ಟಿತು. ಇಬ್ನ್ ಬತೂತನು ಕಂಡ ದಾರಿ, ಬಾವಿ, ಆಹಾರಗಳು ಆರು ಶತಮಾನಗಳ ಬಳಿಕ ಒಂದೇ ಅನುಚ್ಛೇದದಲ್ಲಿ ಕೂಡಿದುದು ಆಕಸ್ಮಿಕವಲ್ಲ. ಮನುಷ್ಯನ ಸ್ಥಾನವನ್ನು ಅಳೆಯುತ್ತಿದ್ದುದು ಅಲ್ಲಿಯೇ.

1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಮಣಿಪಾಲದ ಗುಡ್ಡಕ್ಕೆ ನಾನಾ ಪ್ರಾಂತಗಳ, ವಿದೇಶಗಳ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಸಂಜೆಯ ಹೊತ್ತು ಅಲ್ಲಿಯ ತಿಂಡಿಯಂಗಡಿಗಳ ಮುಂದೆ ನಿಂತವರು ಪಕ್ಕದವನ ಕುಲವನ್ನು ಕೇಳುವುದಿಲ್ಲ. ಇದು ಸಹಜವೆಂದೇ ಅವರ ಭಾವನೆ. ಸಹಜವೆಂದು ತೋರುವ ಆ ನಿಲುವಿಗೂ ಒಂದು ಇತಿಹಾಸವುಂಟೆಂಬುದನ್ನು ತಿಳಿಸುವುದು ನಮ್ಮ ಕೆಲಸ. ತಿಂಡಿಯ ಹೆಸರುಗಳ ಪಟ್ಟಿಯನ್ನು ಪ್ರವಾಸಿಯ ಕೈಪಿಡಿಯೂ ಕೊಟ್ಟೀತು. ಅದನ್ನು ಯಾರು ಯಾರ ಕೈಯಿಂದ ಕೊಂಡರು, ಯಾವ ಪಾತ್ರೆಯಲ್ಲಿ ಪಡೆದರು ಎಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಗೆ ಸೇರಿದ್ದು. ಊರಿನ ಹಿರಿಯರ ನೆನಪು ಉಳಿದಿರುವಾಗಲೇ ಅದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.