ಮನೆ, ಶಾಲೆ ಮತ್ತು ನಡುವಿನ ಹಾಸ್ಟೆಲು: ಬಾಲ್ಯದ ವರ್ಗಸ್ವರೂಪ ಕುರಿತ ಟಿಪ್ಪಣಿ

ಮಕ್ಕಳ ಪಾಲನೆಯ ಮೇಲೆ ವರ್ಗದ ಪ್ರಭಾವವನ್ನು ಚರ್ಚಿಸುವವರು ಅಮೆರಿಕದ ಸಮಾಜಶಾಸ್ತ್ರಜ್ಞೆ ಆನೆಟ್ ಲಾರೋ 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ದಾಟಿ ಹೋಗುವಂತಿಲ್ಲ. 12 ಕುಟುಂಬಗಳ ದಿನಚರಿಯನ್ನು ಅವರ ತಂಡ ಮನೆಯೊಳಗೇ ಇದ್ದು ಗಮನಿಸಿತು. ಮಧ್ಯಮವರ್ಗದ ತಾಯ್ತಂದೆ ಮಗುವನ್ನು ಸಂಗೀತ, ಆಟೋಟಗಳ ತರಗತಿಗೆ ಕರೆದೊಯ್ಯುತ್ತಾರೆ. ವೈದ್ಯರ ಎದುರೂ ಪ್ರಶ್ನೆ ಕೇಳಲು ಹುರಿದುಂಬಿಸುತ್ತಾರೆ. ಕಾರ್ಮಿಕರ, ಬಡವರ ಮನೆಗಳಲ್ಲಿ ಮಗು ಬಂಧುಗಳ ಮಕ್ಕಳೊಡನೆ ತನ್ನಷ್ಟಕ್ಕೆ ಆಡಿ ಬೆಳೆಯುತ್ತದೆ, ಹಿರಿಯರಿಗೆ ಎದುರಾಡುವುದು ಕಡಿಮೆ. ಎರಡನೆಯ ಬಗೆಯನ್ನು ಲಾರೋ ಕೀಳೆನ್ನಲಿಲ್ಲ. ಆದರೆ ಶಾಲೆ, ಆಸ್ಪತ್ರೆ, ಕಚೇರಿಗಳು ಮಣೆ ಹಾಕುವುದು ಮೊದಲ ಬಗೆಯ ಮಗುವಿಗೆ. ಕೊರತೆಯನ್ನು ಬಡವರ ಮನೆಯಲ್ಲಿ ಹುಡುಕುವ ನಮ್ಮ ಶಿಕ್ಷಣ ಚರ್ಚೆಗಳು ಈ ಅಂಶವನ್ನು ಮರೆಯುತ್ತಲೇ ಬಂದಿವೆ.

ಕನ್ನಡದ ಎರಡು ಆತ್ಮಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಕಾಣುವ ಕುಪ್ಪಳಿಯದು ಮಲೆನಾಡಿನ ಅನುಕೂಲಸ್ಥ ಒಕ್ಕಲು ಮನೆತನ. ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ಐಗಳು ಮನೆಗೇ ಬರುತ್ತಾರೆ. ಸಿದ್ದಲಿಂಗಯ್ಯನವರ ‘ಊರು ಕೇರಿ’ಯ ಮಗು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ, ಎತ್ತಿನ ಜಾಗದಲ್ಲಿ ನೊಗ ಹೊತ್ತು ಅಯ್ಯನವರೆಂಬ ಜಮೀನುದಾರರ ಹೊಲ ಉಳುತ್ತಿರುವ ಅಪ್ಪನನ್ನು ನೋಡುತ್ತದೆ. ಮೊದಲ ಮನೆಯಲ್ಲಿ ಮೇಷ್ಟರನ್ನು ಕರೆಸುವ ಶಕ್ತಿಯಿದೆ. ಎರಡನೆಯದರಲ್ಲಿ ಪ್ರೀತಿಗೆ ಬರವಿಲ್ಲ, ಆದರೆ ಅಪ್ಪನ ಹೆಗಲೇ ಅಪ್ಪನದಲ್ಲ. ಇದನ್ನು ಬರಿಯ ವರ್ಗಭೇದವೆಂದು ಓದಲಾಗದು. ಲಾರೋ ಕಂಡ ಕಪ್ಪು ಮತ್ತು ಬಿಳಿಯ ಮಧ್ಯಮವರ್ಗದವರ ಪಾಲನಾಕ್ರಮ ಬಹುಮಟ್ಟಿಗೆ ಒಂದೇ ಆಗಿತ್ತು. ಇಲ್ಲಿ ಭೂಮಿ, ಅಕ್ಷರ, ಗೌರವ ಮೂರನ್ನೂ ಜಾತಿಯೇ ಹಂಚಿದ್ದರಿಂದ ವರ್ಗವನ್ನು ಅದರಿಂದ ಬಿಡಿಸಿ ತೂಗುವುದು ಕಷ್ಟ.

ಹಾಗಿದ್ದೂ ಸಿದ್ದಲಿಂಗಯ್ಯ ಕವಿಯಾದರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಪ್ರತಿಭೆಯೊಂದೇ ಇದಕ್ಕೆ ಕಾರಣವೆನ್ನುವುದು ಸುಲಭದ ಉತ್ತರ. ಅವರ ಬರಹದಲ್ಲಿ ಬೆಂಗಳೂರಿನ ಹಾಸ್ಟೆಲಿಗಿರುವ ಸ್ಥಾನವನ್ನು ಗಮನಿಸಿ. ಮನೆಯೂ ಅಲ್ಲದ, ಶಾಲೆಯೂ ಅಲ್ಲದ ಈ ಜಾಗ ಲಾರೋ ಅವರ ಮಾದರಿಯಲ್ಲಿ ಇಲ್ಲವೇ ಇಲ್ಲ. ಹೊತ್ತಿಗೆ ಊಟ ಮತ್ತು ರಾತ್ರಿ ಓದಲು ಬೆಳಕು ಅದರ ಕಣ್ಣಿಗೆ ಕಾಣುವ ಕೊಡುಗೆ. ಅರ್ಜಿ ಎಲ್ಲಿ ಹಾಕಬೇಕು, ಯಾವ ಮೇಷ್ಟರನ್ನು ಕೇಳಬೇಕು, ಸಭೆಯಲ್ಲಿ ಎದ್ದು ಹೇಗೆ ಮಾತಾಡಬೇಕು ಎಂಬುದನ್ನು ಅಲ್ಲಿ ಮುಂದಿನ ತರಗತಿಯ ಹುಡುಗರು ಕಲಿಸುತ್ತಾರೆ. ಮಧ್ಯಮವರ್ಗದ ತಾಯಿ ಮಾಡುವ ಕೆಲಸವೂ ಇದೇ. ಇಪ್ಪತ್ತನೆಯ ಶತಮಾನದ ಆರಂಭದಿಂದ ಜಾತಿ ಸಂಘಗಳೂ ಮಠಗಳೂ ಆಮೇಲೆ ಸರ್ಕಾರವೂ ಹಾಸ್ಟೆಲು ಕಟ್ಟಿದ್ದರ ಫಲವನ್ನು ಸೀಟುಗಳ ಲೆಕ್ಕದಲ್ಲಷ್ಟೇ ಅಳೆದಿರುವುದು ನಮ್ಮ ಸಂಶೋಧನೆಯ ದೊಡ್ಡ ಲೋಪ.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡಾ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಟ್ಟಿತು. ಸೀಟು ಸಿಕ್ಕಿತು; ಸಂಜೆ ಇಂಗ್ಲಿಷ್ ಹೋಂವರ್ಕಿಗೆ ಪಕ್ಕದಲ್ಲಿ ಕೂರಬೇಕಾದವರು ಗಾರೆ ಕೆಲಸದಿಂದ ಇನ್ನೂ ಮನೆಗೆ ಬಂದಿರುವುದಿಲ್ಲ. ಅಷ್ಟು ಎಳೆಯ ಮಗುವನ್ನು ಹಾಸ್ಟೆಲಿಗೆ ಕಳಿಸುವಂತೆಯೂ ಇಲ್ಲ, ಕಳಿಸಲೂಬಾರದು. ಹಾಸ್ಟೆಲು ಮಾಡಿದ ಕೆಲಸವನ್ನು ಕೇರಿಯಲ್ಲೇ, ಮಗುವಿನ ಮನೆಯಿಂದ ಕೂಗಳತೆಯಲ್ಲಿ ಯಾರು ಮಾಡಬಲ್ಲರು ಎಂಬುದನ್ನು ಅಂಗನವಾಡಿ ಮತ್ತು ಪಂಚಾಯಿತಿ ಗ್ರಂಥಾಲಯಗಳಿಂದ ಹಿಡಿದು ಪರಿಶೀಲಿಸಬೇಕಾಗಿದೆ.