ಟ್ರಿಪ್ಲೆಟ್‌ಗಳ ಸಾಕ್ಷ್ಯ: ಆಂಥ್ರಸೀನ್ ಹರಳಿನಿಂದ ಬೆಂಗಳೂರಿನ ಒಂದು ಪ್ರಯೋಗದವರೆಗೆ

ಮಾಣಿಕ್ಯ ಲೇಸರಿನ ಕೆಂಪು ಬೆಳಕು ಬಿದ್ದಾಗ ಆಂಥ್ರಸೀನ್ ಹರಳು ನೀಲಿಯಾಗಿ ಹೊಳೆಯುತ್ತದೆ. 694 ನ್ಯಾನೊಮೀಟರಿನ ಫೋಟಾನಿನ ಶಕ್ತಿ ಸುಮಾರು 1.8 ಎಲೆಕ್ಟ್ರಾನ್ ವೋಲ್ಟ್. ನೀಲಿ ಬೆಳಕು ಹೊಮ್ಮುವ ಸಿಂಗ್ಲೆಟ್ ಸ್ಥಿತಿಗೆ ಬೇಕಾದದ್ದು ಸುಮಾರು 3.1. ಈ ಕೊರತೆ ತುಂಬಲು ಎರಡು ದಾರಿಗಳಿವೆ. ಒಂದೇ ಅಣು ಎರಡು ಫೋಟಾನುಗಳನ್ನು ಒಟ್ಟಿಗೇ ಹೀರಬಹುದು. ಇಲ್ಲವೇ ಒಂದೊಂದು ಫೋಟಾನು ಒಂದೊಂದು ಟ್ರಿಪ್ಲೆಟ್ ಎಕ್ಸಿಟಾನನ್ನು (ಬಹುಕಾಲ ಬದುಕುವ ಉದ್ರೇಕಿತ ಸ್ಥಿತಿಯನ್ನು) ಹುಟ್ಟಿಸಿ, ಅವು ಅಣುವಿನಿಂದ ಅಣುವಿಗೆ ಹಾಯುತ್ತ ಸಂಧಿಸಿದಾಗ ಒಂದು ತನ್ನ ಶಕ್ತಿಯನ್ನು ಇನ್ನೊಂದಕ್ಕೆ ಒಪ್ಪಿಸಿ ಅಳಿಯಬಹುದು.

ಮಂದ ಬೆಳಕಿನಲ್ಲಿ ಎರಡು ದಾರಿಗಳದೂ ಒಂದೇ ವರ್ಗನಿಯಮ: ಲೇಸರಿನ ತೀವ್ರತೆ ಇಮ್ಮಡಿಸಿದರೆ ಹೊಳಪು ನಾಲ್ಮಡಿ. ಹಾಗಾಗಿ ಅದೊಂದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ. 1963ರಲ್ಲಿ ಕೆಪ್ಲರ್, ಕ್ಯಾರಿಸ್, ಅವಾಕಿಯನ್ ಮತ್ತು ಅಬ್ರಾಮ್‌ಸನ್ ಕಾಲದ ಸಾಕ್ಷ್ಯವನ್ನು ಮುಂದಿಟ್ಟರು. ಲೇಸರ್ ಮಿಡಿತ ನಿಂತ ಮೇಲೂ ನೀಲಿ ಹೊಳಪು ಮಿಲಿಸೆಕೆಂಡುಗಳ ಕಾಲ ಉಳಿಯಿತು. ಸಿಂಗ್ಲೆಟ್‌ನ ಆಯುಷ್ಯ ನ್ಯಾನೊಸೆಕೆಂಡುಗಳ ಲೆಕ್ಕದ್ದು. ಅಷ್ಟು ಹೊತ್ತು ಬದುಕಿರಬಲ್ಲವು ಟ್ರಿಪ್ಲೆಟ್‌ಗಳೇ.

ಇದೇ ಕ್ರಿಯೆ ತಿರುವುಮುರುವಾಗಿಯೂ ನಡೆಯುತ್ತದೆ. ಒಂದು ಸಿಂಗ್ಲೆಟ್ ಒಡೆದು ಎರಡು ಟ್ರಿಪ್ಲೆಟ್ ಆಗಬಹುದೆಂಬ ಸೂಚನೆ ಎಸ್. ಸಿಂಗ್ ಮತ್ತು ಸಂಗಡಿಗರ 1965ರ ಆಂಥ್ರಸೀನ್ ಪ್ರಬಂಧದಲ್ಲೇ ಇದೆ. ಪೆಂಟಸೀನ್‌ನಲ್ಲಿ ಸಿಂಗ್ಲೆಟ್‌ನ ಶಕ್ತಿ 1.83 ಎಲೆಕ್ಟ್ರಾನ್ ವೋಲ್ಟ್, ಟ್ರಿಪ್ಲೆಟ್‌ನದು 0.86; ಎರಡು ಟ್ರಿಪ್ಲೆಟ್‌ಗಳಿಗೆ ಒಂದು ಸಿಂಗ್ಲೆಟ್‌ನ ಶಕ್ತಿ ಸಾಕಾಗುವುದರಿಂದ ಒಡೆಯುವ ಕೆಲಸ ಸುಮಾರು 80 ಫೆಮ್ಟೊಸೆಕೆಂಡಿನಲ್ಲಿ ಮುಗಿಯುತ್ತದೆ. ಸೌರಕೋಶದಲ್ಲಿ ಒಂದು ಫೋಟಾನಿಗೆ ಎರಡು ಎಲೆಕ್ಟ್ರಾನು ಪಡೆಯುವ ಆಸೆ ಹುಟ್ಟಿದ್ದು ಇಲ್ಲಿಂದಲೇ.

ಎಚ್ಚರ ಬೇಕಾದದ್ದೂ ಇಲ್ಲಿಯೇ. ಲೇಸರ್ ಮಿಡಿತ ತೀವ್ರವಾಗಿದ್ದರೆ ಸಿಂಗ್ಲೆಟ್‌ಗಳೇ ದಟ್ಟೈಸಿ ಪರಸ್ಪರ ಅಳಿಸಿಕೊಳ್ಳುತ್ತವೆ. ಅವುಗಳ ಆಯುಷ್ಯ ಕುಗ್ಗಿ, ನೋಡುವವರಿಗೆ ಒಡೆದಂತೆಯೇ ಕಾಣುತ್ತದೆ. ಹಲವು ತೀವ್ರತೆಗಳಲ್ಲಿ ಅಳೆಯದೆ ಕೊಟ್ಟ ಆಯುಷ್ಯದ ಅಂಕಿಯನ್ನು ನಾನು ನೆಚ್ಚುವುದಿಲ್ಲ.

ಈ ದೃಷ್ಟಿಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಪಾಟೀಲ್ ಅವರ ತಂಡ ಕೇಂಬ್ರಿಜ್‌ನ ರಿಚರ್ಡ್ ಫ್ರೆಂಡ್ ಮೊದಲಾದವರೊಡನೆ 2017ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಮುಖ್ಯ. ಅದು ಹರಳಿನದಲ್ಲ, ಒಂದೇ ಅಣುವಿನೊಳಗಿನ ಪ್ರಯೋಗ. ಕಾರುಗಳ ಕೆಂಪು ಬಣ್ಣದಲ್ಲಿ ಬಳಸುವ ಡೈಕೀಟೊಪಿರೊಲೊಪಿರೋಲ್ ಎಂಬ ವರ್ಣಕದ ಎರಡು ಘಟಕಗಳನ್ನು ಅವರು ವಿನೈಲ್ ಸೇತುವೆಯಿಂದ ಜೋಡಿಸಿದರು. ಉದ್ರೇಕಿತ ಸ್ಥಿತಿ 50 ಪಿಕೊಸೆಕೆಂಡಿನೊಳಗೆ ಮಾಯವಾಯಿತು. ಸಿಂಗ್ಲೆಟ್ ಒಡೆಯಿತೆಂದು ಸಾರಿಬಿಡಲು ಆಸೆ ಹುಟ್ಟಿಸುವ ವೇಗವದು. ಅವರು ಟ್ರಿಪ್ಲೆಟ್‌ನ ಗುರುತನ್ನೇ ಹುಡುಕಿದರು, ಸಿಗಲಿಲ್ಲ, ಸಿಗಲಿಲ್ಲವೆಂದೇ ಬರೆದರು. ಶಕ್ತಿ ಬೆಳಕು ಸೂಸದ ಇನ್ನೊಂದು ಸಿಂಗ್ಲೆಟ್‌ಗೆ ಜಾರಿ ತಳಸ್ಥಿತಿಗೆ ಮರಳಿತ್ತು. ಜೋಡಣೆಯಿಂದ ಸಿಂಗ್ಲೆಟ್‌ನ ಮಟ್ಟವೇ ಇಳಿದು, ಎರಡು ಟ್ರಿಪ್ಲೆಟ್‌ಗೆ ಸಾಲದಷ್ಟಾಗಿರಬಹುದು ಎಂಬುದು ಅವರು ಕೊಟ್ಟ ಕಾರಣ.